ವರ್ಮೂತ್ ಬಾಟಲಿಯ ಜಾಗ ಫ್ರಿಜ್‌ನಲ್ಲಿ

ಬಾರ್ ಕೆಲಸದಲ್ಲಿರುವವರನ್ನು ನೆಂಟರು, ಸ್ನೇಹಿತರು ಬಿಡದೆ ಕೇಳುವ ಪ್ರಶ್ನೆ ಒಂದಿದೆ. 'ಮನೇಲೇ ಏನಾದ್ರೂ ಒಳ್ಳೇದು ಮಾಡ್ಕೋಬೇಕು. ಶೇಕರ್ ಇಲ್ಲ, ಹತ್ತು ಥರದ ಬಾಟಲಿ ಇಲ್ಲ. ಏನು ಮಾಡ್ಲಿ?' ನನ್ನ ಉತ್ತರ ಬಹಳ ಕಾಲದಿಂದ ಬದಲಾಗಿಲ್ಲ. ಒಂದು ಜಿನ್, ಒಂದು ಸಿಹಿ ಕೆಂಪು ವರ್ಮೂತ್ (ಮೂಲಿಕೆ ಬೆರೆತ ವೈನ್), ಒಂದು ಚೂರು ಕಿತ್ತಳೆ ಸಿಪ್ಪೆ. ಇಂಗ್ಲೆಂಡಿನಲ್ಲಿ ಇದನ್ನು 'ಜಿನ್ ಅಂಡ್ ಇಟ್' ಅಂತಾರೆ. 'ಇಟ್' ಅನ್ನುವುದು ಇಟಾಲಿಯನ್‌ನ ಮೊಟಕು ರೂಪ, ಅಂದರೆ ಇಟಲಿಯ ಸಿಹಿ ವರ್ಮೂತ್. ಊಟಕ್ಕೆ ಮುಂಚೆ ಹಸಿವು ಎಬ್ಬಿಸಲು ಕುಡಿಯುವ ಇಂಥ ಪಾನೀಯಗಳಿಗೆ ಯುರೋಪಿನಲ್ಲಿ ಅಪೆರಿಟಿಫ್ ಎಂದು ಹೆಸರು.

ಇಷ್ಟು ಸುಲಭವಾದದ್ದನ್ನು ಮಾಡಿ, 'ಯಾಕೋ ಹಳೇ ಕಷಾಯದ ಥರ ಇದೆ, ಜಿನ್ ಸರಿ ಇಲ್ವೇನೋ' ಅಂತ ಫೋನ್ ಮಾಡುವವರೂ ಇದ್ದಾರೆ. ಅವರಿಗೆ ನಾನು ಕೇಳುವುದು ಒಂದೇ ಮಾತು. ವರ್ಮೂತ್ ಎಲ್ಲಿ ಇಟ್ಟಿದ್ದೀರಿ? 'ಷೋಕೇಸ್‌ನಲ್ಲಿ, ವಿಸ್ಕಿ ಪಕ್ಕ.' ತೆಗೆದಿದ್ದು ಯಾವಾಗ? 'ಹೋದ ದೀಪಾವಳಿಗೋ ಏನೋ.' ಅಲ್ಲಿಗೆ ಜಿನ್ ತಪ್ಪಿಲ್ಲ ಅಂತ ಗೊತ್ತಾಗುತ್ತದೆ.

ವರ್ಮೂತ್ ಮೂಲತಃ ವೈನ್. ದ್ರಾಕ್ಷಿ ವೈನಿಗೆ ಸ್ವಲ್ಪ ಸ್ಪಿರಿಟ್ ಸೇರಿಸಿ, ಬೇರು, ತೊಗಟೆ, ಸೊಪ್ಪು, ಸಿಪ್ಪೆಗಳ ಸಾರ ಇಳಿಸಿ, ಸಕ್ಕರೆ ಹಾಕಿ ತಯಾರಿಸುತ್ತಾರೆ. ಯುರೋಪಿನ ನಿಯಮದ ಪ್ರಕಾರ ಇದರಲ್ಲಿ ಮುಕ್ಕಾಲು ಭಾಗವಾದರೂ ವೈನ್ ಇರಲೇಬೇಕು. ಅದರ ಜೊತೆ ಆರ್ಟೆಮಿಸಿಯ ಜಾತಿಯ ಕಹಿ ಗಿಡವೊಂದು ಇರಲೇಬೇಕು. ಆರ್ಟೆಮಿಸಿಯ ಅಂದರೆ ನಮಗೆ ಅಪರಿಚಿತವೇನಲ್ಲ. ನಾವು ಹೂಮಾಲೆಗೆ ಸೇರಿಸುವ ದವನ, ಪೂಜೆಗೆ ತರುವ ಮಾಚಿಪತ್ರೆ ಎರಡೂ ಅದೇ ಜಾತಿಯವು. ವರ್ಮೂತ್‌ಗೆ ಬಳಸುವ ವರ್ಮ್‌ವುಡ್ ಇವುಗಳ ಹತ್ತಿರದ ನೆಂಟ, ಕಹಿ ಮಾತ್ರ ಬಹಳ ಜಾಸ್ತಿ. ಹೂವಿನ ಅಂಗಡಿಯಿಂದ ಒಂದು ಎಳೆ ದವನ ತಂದು ಬೆರಳಲ್ಲಿ ಹೊಸಕಿ ಮೂಸಿ ನೋಡಿ. ಆಮೇಲೆ ಹೊಸದಾಗಿ ತೆಗೆದ ವರ್ಮೂತ್ ಮೂಸಿ. ಎರಡೂ ಒಂದೇ ಅಲ್ಲ. ಆದರೆ ಆ ಹಸಿರು ಘಮದ ಗುರುತು ಮೂಗಿಗೆ ಸಿಕ್ಕೇ ಸಿಗುತ್ತದೆ. ನಾನು ಹೊಸ ಹುಡುಗರಿಗೆ ಬಾರಿನಲ್ಲಿ ಪಾಠ ಶುರು ಮಾಡುವುದೇ ಹೀಗೆ. ಪುಸ್ತಕದಲ್ಲಿ ಬರುವ ರುಚಿಯ ವರ್ಣನೆಗಿಂತ ಒಂದು ಎಳೆ ದವನ ಬೇಗ ಕಲಿಸುತ್ತದೆ.

ಇಟಲಿಯ ಟೂರಿನ್ ನಗರದಲ್ಲಿ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ 1786ರಲ್ಲಿ ಮಾರಲು ಶುರು ಮಾಡಿದ ವರ್ಮೂತ್‌ನಿಂದ ಇವತ್ತಿನ ಸಿಹಿ ವರ್ಮೂತ್‌ಗಳ ಕತೆ ಆರಂಭ ಅಂತ ಹೇಳುತ್ತಾರೆ. ಆಲ್ಪ್ಸ್ ಬೆಟ್ಟಗಳು ಪಕ್ಕದಲ್ಲೇ ಇದ್ದವು, ಗಿಡಮೂಲಿಕೆಗೆ ಬರ ಇರಲಿಲ್ಲ. ಸುತ್ತಲೂ ದ್ರಾಕ್ಷಿ ತೋಟ. ಚಿನ್ಜಾನೊ, ಮಾರ್ಟಿನಿ ಕಂಪನಿಗಳೂ ಆ ಸೀಮೆಯವೇ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದೂ ಇವೆರಡೇ. 'ರೊಸ್ಸೊ' ಅಂತ ಬರೆದಿರುವುದನ್ನು ತನ್ನಿ. ಹೆಸರು ಕೆಂಪು ಅಂದರೂ ಒಳಗಿರುವುದು ಸಾಮಾನ್ಯವಾಗಿ ಬಿಳಿ ವೈನ್. ಆ ಬಣ್ಣ ಬಹುಪಾಲು ಕ್ಯಾರಮೆಲ್‌ನಿಂದ ಬಂದದ್ದು. ಸಕ್ಕರೆ ಕಾಯಿಲೆ ಇರುವವರು ಒಂದು ಲೆಕ್ಕ ತಿಳಿದಿರಲಿ. ಯುರೋಪಿನ ನಿಯಮದಲ್ಲಿ 'ಸಿಹಿ' ಅನ್ನಿಸಿಕೊಳ್ಳಲು ಲೀಟರಿಗೆ ಕನಿಷ್ಠ 130 ಗ್ರಾಂ ಸಕ್ಕರೆ ಬೇಕು. ಅಂದರೆ 45 ಮಿಲಿ ಹಾಕಿದರೆ ಒಂದು ಚಮಚಕ್ಕಿಂತ ಜಾಸ್ತಿಯೇ ಸಕ್ಕರೆ ಹೊಟ್ಟೆಗೆ ಹೋಗುತ್ತದೆ.

ಈಗ ಕೆಡುವ ವಿಷಯ. ವರ್ಮೂತ್‌ನಲ್ಲಿ ಆಲ್ಕೊಹಾಲ್ ಸುಮಾರು ಶೇಕಡಾ 15ರಿಂದ 18. ವಿಸ್ಕಿ, ರಮ್, ಜಿನ್ ವರ್ಷಗಟ್ಟಲೆ ಷೋಕೇಸ್‌ನಲ್ಲಿ ನಿಲ್ಲುವುದು ಶೇಕಡಾ 42ರ ಬಲದಿಂದ. ವರ್ಮೂತ್‌ಗೆ ಆ ಬಲ ಇಲ್ಲ. ಮುಚ್ಚಳ ತೆಗೆದ ಕ್ಷಣದಿಂದ ಗಾಳಿ ಕೆಲಸ ಶುರು ಮಾಡುತ್ತದೆ, ಕತ್ತರಿಸಿಟ್ಟ ಸೇಬು ಕಂದಾಗುವ ಹಾಗೆ. ಮೊದಲು ಹೋಗುವುದು ಮೇಲಿನ ಘಮ. ಕಿತ್ತಳೆ, ಲವಂಗ, ಹಸಿ ಸೊಪ್ಪಿನ ವಾಸನೆಗಳೆಲ್ಲ ಮಾಯ. ಉಳಿಯುವುದು ಬರೀ ಸಿಹಿ, ಬರೀ ಕಹಿ, ಹಿಂದೆ ಒಂದು ಹಳೇ ಒಣದ್ರಾಕ್ಷಿ ವಾಸನೆ. ಇನ್ನೂ ಬಿಟ್ಟರೆ ಹುಳಿ. ನಮ್ಮ ಬೇಸಿಗೆಯಲ್ಲಿ ಈ ಕೆಲಸ ಬೇಗ ಆಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಹೊರಗಿಟ್ಟ ಬಾಟಲಿಯ ಗತಿ ಹೇಳಬೇಕಾಗಿಲ್ಲ.

ಅದಕ್ಕೇ, ತೆಗೆದ ದಿನವೇ ಫ್ರಿಜ್‌ಗೆ ಇಡಿ. ಬಾಗಿಲಿನ ಕಡೆ, ನಿಲ್ಲಿಸಿ, ಮುಚ್ಚಳ ಬಿಗಿ ಮಾಡಿ. ಒಂದು ತಿಂಗಳು ಚೆನ್ನಾಗಿರುತ್ತದೆ, ಎರಡು ತಿಂಗಳವರೆಗೂ ನಡೆಯುತ್ತದೆ. ಬಾಟಲಿ ಅರ್ಧಕ್ಕೆ ಬಂದಾಗ ಚಿಕ್ಕ ಬಾಟಲಿಗೆ ಬಗ್ಗಿಸಿ ತುಂಬಿಸಿಟ್ಟರೆ ಗಾಳಿಗೆ ಜಾಗ ಕಡಿಮೆ. 375 ಮಿಲಿಯ ಬಾಟಲಿ ಸಿಕ್ಕರೆ ದೊಡ್ಡದು ತರಲೇಬೇಡಿ. ಮುಚ್ಚಳಕ್ಕೆ ತೆಗೆದ ತಾರೀಖು ಬರೆದು ಒಂದು ಚೀಟಿ ಅಂಟಿಸಿ. ನಾನು ಕೆಲಸ ಮಾಡಿದ ಬಾರ್‌ಗಳಲ್ಲೆಲ್ಲ ಇದನ್ನು ಹಟ ಹಿಡಿದು ಮಾಡಿಸಿದ್ದೇನೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಕಿಟಕಿ ಬಿಸಿಲಲ್ಲಿ ನಿಂತು ಲೇಬಲ್ ಮಾಸಿದ ಬಾಟಲಿ ಬೇಡ. ಕೇಳಿದರೆ ಒಳಗಿಂದ ಬೇರೆ ತಂದು ಕೊಡುತ್ತಾರೆ.

ಜಿನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 'ಲಂಡನ್ ಡ್ರೈ' ಅಂತ ಬರೆದಿದ್ದರೆ ಸಾಕು. ಅದು ಲಂಡನ್‌ನಲ್ಲೇ ತಯಾರಾಗಬೇಕೆಂದಿಲ್ಲ. ಘಮವೆಲ್ಲ ಬಟ್ಟಿ ಇಳಿಸುವಾಗಲೇ ಬಂದಿರಬೇಕು, ಆಮೇಲೆ ಎಸೆನ್ಸ್, ಬಣ್ಣ ಸೇರಿಸಿರಬಾರದು ಅನ್ನುವುದು ಅದರ ಅರ್ಥ. ಗೋವಾದ ಗ್ರೇಟರ್ ದ್ಯಾನ್ ಆದೀತು, ಗಾರ್ಡನ್ಸ್ ಆದೀತು, ಬೀಫ್‌ಈಟರ್ ಆದೀತು. ಜೂನಿಪರ್ ಕಾಯಿಯ ವಾಸನೆ ಮುಂದೆ ಇರಬೇಕು, ಅಷ್ಟೆ. ಹೆಚ್ಚಿನ ಜಿನ್‌ಗಳಲ್ಲಿ ಅದರ ನಂತರದ ಜಾಗ ನಮ್ಮ ಕೊತ್ತಂಬರಿ ಬೀಜದ್ದು. ಗುಲಾಬಿ ಬಣ್ಣದ್ದು, ಹಣ್ಣಿನ ರುಚಿಯದ್ದು ಇದಕ್ಕೆ ಹೊಂದುವುದಿಲ್ಲ. ವರ್ಮೂತ್‌ನಲ್ಲೇ ಸಿಹಿ ಬೇಕಾದಷ್ಟಿದೆ.

ಹಳೇ ಲಂಡನ್ನಿನ ಪಬ್‌ಗಳಲ್ಲಿ ಇದನ್ನು ಐಸ್ ಇಲ್ಲದೆ, ಅರ್ಧಕ್ಕರ್ಧ ಬೆರೆಸಿ ಹಾಗೇ ಕೊಡುತ್ತಿದ್ದರು. ಅಲ್ಲಿನ ಚಳಿಯಲ್ಲಿ ಬಾಟಲಿಯೇ ತಣ್ಣಗಿರುತ್ತಿತ್ತು. ನಮ್ಮ 28-30 ಡಿಗ್ರಿಯಲ್ಲಿ ಹಾಗೆ ಕುಡಿದರೆ ಗಂಟಲಿಗೆ ಬರೀ ಸ್ಪಿರಿಟ್ ಹೊಡೆಯುತ್ತದೆ, ಸಿಹಿ ನಾಲಿಗೆಗೆ ಅಂಟುತ್ತದೆ. ಇಲ್ಲಿ ಐಸ್ ಬೇಕೇ ಬೇಕು.

ನನ್ನ ಅಳತೆ 30 ಮಿಲಿ ಜಿನ್, 45 ಮಿಲಿ ವರ್ಮೂತ್. ಅರ್ಧಕ್ಕರ್ಧ ಇಷ್ಟಪಡುವವರು ಬಹಳ ಜನ, ಅದೂ ಸರಿಯೇ. ಆದರೆ ಊಟಕ್ಕೆ ಮುಂಚಿನ ಪಾನೀಯ ಹಗುರ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಂಗ್ಲೆಂಡಿನ ಎರಡನೇ ಎಲಿಜಬೆತ್ ರಾಣಿಗೂ ಅವರ ತಾಯಿಗೂ ಇಷ್ಟವಾಗಿದ್ದ ಜಿನ್-ಡುಬೊನೆ ಪಾನೀಯ ಇದರದೇ ಸಂಬಂಧಿ. ಅದರಲ್ಲೂ ಒಂದು ಪಾಲು ಜಿನ್‌ಗೆ ಎರಡು ಪಾಲು ಮೂಲಿಕೆ ಬೆರೆತ ವೈನ್. ಪೆಗ್ ಮೆಷರ್ ಇಲ್ಲದಿದ್ದರೆ ಕೆಮ್ಮಿನ ಔಷಧಿ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಚೆನ್ನಾಗಿ ತೊಳೆದು ಬಳಸಿ. ಕಣ್ಣಳತೆ ಬೇಡ. ಕಣ್ಣಳತೆಯಲ್ಲಿ ಜಿನ್ ಯಾವಾಗಲೂ ಜಾಸ್ತಿಯೇ ಬೀಳುತ್ತದೆ.

ಇನ್ನು ಕಲಕುವುದು. ದೊಡ್ಡ ಸ್ಟೀಲ್ ಲೋಟ ಅಥವಾ ಚೊಂಬು ತೆಗೆದುಕೊಂಡು ಹತ್ತು ನಿಮಿಷ ಫ್ರೀಜರ್‌ನಲ್ಲಿಡಿ. ಕುಡಿಯುವ ಗ್ಲಾಸನ್ನೂ ಇಡಿ. ಐಸ್ ಫ್ರೀಜರ್‌ನಿಂದ ನೇರವಾಗಿ ಬರಬೇಕು, ಟ್ರೇಯಿಂದ ತೆಗೆದು ಬಟ್ಟಲಲ್ಲಿ ಬೆವರುತ್ತಾ ಕೂತ ಐಸ್ ಬೇಡ. ಅದರ ಮೈಮೇಲಿನ ನೀರೆಲ್ಲ ಮೊದಲೇ ಪಾನೀಯಕ್ಕೆ ಸೇರಿಬಿಡುತ್ತದೆ. ಲೋಟಕ್ಕೆ ಅರ್ಧಕ್ಕಿಂತ ಜಾಸ್ತಿ ಐಸ್ ಹಾಕಿ. ಕಡಿಮೆ ಹಾಕಿದರೆ ನೀರಾಗುವುದು ಕಡಿಮೆ ಅಂತ ಜನ ಅಂದುಕೊಳ್ಳುತ್ತಾರೆ, ನಡೆಯುವುದು ಉಲ್ಟಾ. ಐಸ್ ಜಾಸ್ತಿ ಇದ್ದರೆ ಬೇಗ ತಣ್ಣಗಾಗುತ್ತದೆ, ಕರಗುವುದು ನಿಧಾನವಾಗುತ್ತದೆ. ಜಿನ್, ವರ್ಮೂತ್ ಸುರಿದು, ಉದ್ದ ಚಮಚದ ಬೆನ್ನು ಲೋಟದ ಗೋಡೆಗೆ ತಾಗಿರುವ ಹಾಗೆ ಹಿಡಿದು, ಐಸ್ ಗುಂಪಾಗಿ ಸುತ್ತುವಂತೆ ತಿರುಗಿಸಿ. ಸದ್ದು ಆಗಬಾರದು. 25-30 ಸೆಕೆಂಡ್ ಸಾಕು. ಸ್ಟೀಲ್ ಹೊರಗೆ ಮಂಜು ಕಟ್ಟಿ ಬೆರಳಿಗೆ ಚುರುಕ್ ಅಂದಾಗ ನಿಲ್ಲಿಸಿ. ಆ ಹೊತ್ತಿಗೆ ಪಾನೀಯ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿದಿರುತ್ತದೆ. ಆಲ್ಕೊಹಾಲ್ ಇರುವುದರಿಂದ ಹೆಪ್ಪುಗಟ್ಟುವುದಿಲ್ಲ. ಸುಮಾರು ಕಾಲು ಭಾಗದಷ್ಟು ನೀರೂ ಸೇರಿರುತ್ತದೆ. ಆ ನೀರು ನಷ್ಟ ಅಲ್ಲ. ಜಿನ್ನಿನ ಉರಿ ತಗ್ಗಿಸಿ ಘಮ ಬಿಡಿಸುವುದು ಅದೇ. ಟೀ ಜರಡಿಯಲ್ಲಿ ಸೋಸಿ ತಣ್ಣನೆಯ ಗ್ಲಾಸಿಗೆ ಹಾಕಿ. ಕುಲುಕಬೇಡಿ. ಕುಲುಕಿದರೆ ಗಾಳಿ ಗುಳ್ಳೆ ಸೇರಿ ಮಬ್ಬಾಗುತ್ತದೆ, ರೇಷ್ಮೆಯಂಥ ನುಣುಪು ಹೋಗುತ್ತದೆ.

ಕೊನೆಗೆ ಸಿಪ್ಪೆ. ಸಿಕ್ಕರೆ ಕೊಡಗಿನ ಕಿತ್ತಳೆ. ಅದರ ಸಿಪ್ಪೆ ಸಡಿಲ, ಕೈಯಲ್ಲೇ ಬರುತ್ತದೆ. ಎರಡು ರೂಪಾಯಿ ನಾಣ್ಯದಷ್ಟು ಅಗಲ ಕತ್ತರಿಸಿ, ಒಳಗಿನ ಬಿಳಿ ನಾರು ಕೆರೆದು ತೆಗೆಯಿರಿ. ಬಣ್ಣದ ಕಡೆ ಗ್ಲಾಸಿಗೆ ಮುಖ ಮಾಡಿ, ಎರಡು ಬೆರಳಲ್ಲಿ ಗಬಕ್ಕನೆ ಮಡಚಿ. ಬೆಳಕಿಗೆ ಹಿಡಿದರೆ ಎಣ್ಣೆ ತುಂತುರಾಗಿ ಹಾರುವುದು ಕಾಣುತ್ತದೆ. ಪಾನೀಯದ ಮೇಲೆ ಸಣ್ಣ ಹೊಳಪು ಹರಡುತ್ತದೆ. ಮೊದಲ ಗುಟುಕಿಗೆ ಮುಂಚೆ ಮೂಗಿಗೆ ಸಿಗುವುದು ಅದೇ. ಕಿತ್ತಳೆ ಕಾಲ ಅಲ್ಲದಿದ್ದರೆ ಚಿತ್ರಾನ್ನಕ್ಕೆ ತರುವ ಹೇರಳೆಕಾಯಿಯ ಸಿಪ್ಪೆ ಹಾಕಿ ನೋಡಿ. ದಪ್ಪ ಸಿಪ್ಪೆ, ಗಡುಸು ಘಮ, ಜಿನ್ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ನಿಂಬೆ ರಸ ಮಾತ್ರ ಹಿಂಡಬೇಡಿ. ಹುಳಿ ಸೇರಿದರೆ ಇದು ಬೇರೆಯೇ ಪಾನೀಯ.

ಎಷ್ಟು ಅಮಲು ಅನ್ನುವುದನ್ನು ನೇರವಾಗಿ ಹೇಳಬೇಕು, ಯಾಕೆಂದರೆ ಸಿಹಿ ರುಚಿ ಮೋಸ ಮಾಡುತ್ತದೆ. ಮೇಲಿನ ಅಳತೆಯ ಒಂದು ಗ್ಲಾಸ್ ಅಂದರೆ ಸುಮಾರು ಒಂದೂವರೆ ಸ್ಮಾಲ್ (ವಿಸ್ಕಿ, ರಮ್‌ನ 30 ಮಿಲಿ ಪೆಗ್ ಒಂದು ಸ್ಮಾಲ್). ಎರಡು ಗ್ಲಾಸ್ ಕುಡಿದರೆ ಮೂರು ಸ್ಮಾಲ್ ಆಯಿತು, ಊಟ ಇನ್ನೂ ಶುರುವಾಗಿಲ್ಲ. ಒಂದಕ್ಕೇ ನಿಲ್ಲಿಸಿ. ಗಾಡಿ ಓಡಿಸುವವರಿಗೆ, ಮಾತ್ರೆ ತಗೊಳ್ಳುತ್ತಿರುವವರಿಗೆ, ಗರ್ಭಿಣಿಯರಿಗೆ, ಚಿಕ್ಕ ವಯಸ್ಸಿನವರಿಗೆ ಕೊಡಲೇಬೇಡಿ. ಕುಡಿಯದವರನ್ನು ಒತ್ತಾಯ ಮಾಡುವುದಂತೂ ಆತಿಥ್ಯವೇ ಅಲ್ಲ.

ಮನೆಗೆ ಐದಾರು ಜನ ಬರುವ ದಿನ ಒಬ್ಬೊಬ್ಬರಿಗೂ ಕಲಕುತ್ತಾ ಅಡುಗೆಮನೆಯಲ್ಲಿ ನಿಲ್ಲಬೇಕಾಗಿಲ್ಲ. ಬೆಳಗ್ಗೆಯೇ ಒಂದು ಕ್ವಾರ್ಟರ್ ಜಿನ್, ಅಂದರೆ 180 ಮಿಲಿ, ಅದಕ್ಕೆ 270 ಮಿಲಿ ವರ್ಮೂತ್, 110 ಮಿಲಿ ಕುಡಿಯುವ ನೀರು ಸೇರಿಸಿ. ಸ್ವಚ್ಛವಾದ ಖಾಲಿ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಆರು ಗ್ಲಾಸ್ ಆಗುತ್ತದೆ. ನೀರು ಮೊದಲೇ ಸೇರಿದೆ, ಹಾಗಾಗಿ ಐಸ್ ಬೇಡ, ಸುಮ್ನೆ ತಣ್ಣನೆಯ ಗ್ಲಾಸಿಗೆ ಬಗ್ಗಿಸಿ ಸಿಪ್ಪೆ ಹಿಂಡಿದರೆ ಮುಗಿಯಿತು. ಫ್ರೀಜರ್‌ಗೆ ಮಾತ್ರ ಹಾಕಬೇಡಿ. ಬರೀ ಜಿನ್ ಅಲ್ಲಿ ಗಟ್ಟಿಯಾಗುವುದಿಲ್ಲ, ಆದರೆ ಈ ಮಿಶ್ರಣದ ಬಲ ಶೇಕಡಾ 21ರ ಹತ್ತಿರ, ಅದು ಮಂಜುಪುಡಿ ಆಗಿಬಿಡುತ್ತದೆ.

ಜೊತೆಗೆ ಉಪ್ಪಿನದು ಇರಲಿ. ಟೂರಿನ್‌ನಲ್ಲಿ ಆಲಿವ್ ಇಡುತ್ತಾರೆ. ನಮ್ಮಲ್ಲಿ ಹುರಿದ ಉಪ್ಪು ಕಡಲೆಕಾಯಿ ಬೀಜ ಅದಕ್ಕಿಂತ ಒಂದು ಕೈ ಮೇಲು ಅಂತ ನನಗನ್ನಿಸುತ್ತದೆ. ಕೋಡುಬಳೆಯೂ ಆಗುತ್ತದೆ. ಖಾರ ಜಾಸ್ತಿ ಇರುವ ಮಸಾಲೆ ಕಡಲೆ ಬೇಡ, ವರ್ಮೂತ್‌ನ ಕಹಿ ಗೊತ್ತೇ ಆಗುವುದಿಲ್ಲ.

ಜಿನ್ ಮುಗಿದು ವರ್ಮೂತ್ ಉಳಿದರೆ ಷೋಕೇಸ್‌ಗೆ ವಾಪಸ್ ಕಳಿಸಬೇಡಿ. ಗ್ಲಾಸ್ ತುಂಬ ಐಸ್, 60 ಮಿಲಿ ವರ್ಮೂತ್, ಅಷ್ಟೇ ಸೋಡಾ, ಒಂದು ಸಿಪ್ಪೆ. ಇದು ಒಂದು ಸ್ಮಾಲ್‌ಗಿಂತಲೂ ಹಗುರ. ಇಟಲಿಯವರು ಸಂಜೆ ಹೊತ್ತು ಇದನ್ನೇ ಕುಡಿಯುತ್ತಾರೆ. ಎರಡು ತಿಂಗಳು ದಾಟಿ ಘಮ ಪೂರ್ತಿ ಹೋಗಿದ್ದರೆ ಅಡುಗೆಗೆ ಬಳಸಿ. ಮಟನ್ ಹುರಿಯುವಾಗ ತಳ ಹಿಡಿದ ಮಸಾಲೆ ಬಿಡಿಸಲು ಎರಡು ಚಮಚ ಹಾಕಿ ಕುದಿಸಿದರೆ ಒಳ್ಳೆಯ ಬಣ್ಣ ಬರುತ್ತದೆ.