ಕ್ರ್ಯಾಶ್: ಯಾವುದು ಹೌದು, ಯಾವುದು ಅಲ್ಲ

ಕೋಲಾರದ ಕಂಪ್ಯೂಟರ್ ರಿಪೇರಿ ಅಂಗಡಿಗಳ ಜಾಬ್ ಶೀಟುಗಳಲ್ಲಿ ದೂರಿನ ಜಾಗಕ್ಕೆ ‘ಸಿಸ್ಟಮ್ ಕ್ರ್ಯಾಶ್’ ಎಂದು ಬರೆದುಬಿಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆಯಿದೆ. ಪರದೆ ಅಲುಗಾಡದೆ ನಿಂತರೂ ಕ್ರ್ಯಾಶ್, ಬಿಲ್ಲಿಂಗ್ ಸಾಫ್ಟ್‌ವೇರ್ ತಾನಾಗಿ ಮುಚ್ಚಿಕೊಂಡರೂ ಕ್ರ್ಯಾಶ್, ಕರೆಂಟು ಒಮ್ಮೆ ಮಿಟುಕಿ ಯಂತ್ರ ಮೊದಲಿನಿಂದ ಶುರುವಾದರೂ ಕ್ರ್ಯಾಶ್. ಈಚೆಗೆ ಒಂದು ಟೊಮೆಟೊ ಮಂಡಿಯ ಕಂಪ್ಯೂಟರಿನ ಶೀಟಿನಲ್ಲಿ ಇದೇ ಪದವನ್ನು ಕಂಡೆ. ಕೆಳಗೆ ‘ಫಾರ್ಮ್ಯಾಟ್ ಮಾಡಿ ಓಎಸ್ ಹಾಕಿದೆ’ (ಡಿಸ್ಕ್ ಅಳಿಸಿ ವಿಂಡೋಸ್ ಅನ್ನು ಹೊಸದಾಗಿ ಹಾಕಿದೆ) ಎಂದಿತ್ತು, ಅದರ ಕೆಳಗೆ ‘ಮತ್ತೆ ಕ್ರ್ಯಾಶ್’ ಎಂದಿತ್ತು. ನಿಜವಾದ ದೋಷವಿದ್ದದ್ದು ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಗಲ್ಲಾಪೆಟ್ಟಿಗೆಯ ಡ್ರಾಯರ್ ಎಳೆದಾಗಲೆಲ್ಲ ಅದರ ಸಡಿಲ ಪಿನ್ ಅಲ್ಲಾಡಿ ಕಂಪ್ಯೂಟರ್ ಆರಿಹೋಗುತ್ತಿತ್ತು.

ತಂತ್ರಾಂಶವೊಂದು ಮುಂದುವರಿಯಲಾಗದಂಥ ತಪ್ಪಿಗೆ ಸಿಲುಕಿ ನಿಂತುಹೋಗುವುದು ಕ್ರ್ಯಾಶ್. ಒಂದು ಪ್ರೋಗ್ರಾಮ್ ಹೀಗೆ ನಿಂತರೆ ಅದರ ಕಿಟಕಿಯಷ್ಟೇ ಮುಚ್ಚುತ್ತದೆ, ಉಳಿದದ್ದು ನಡೆಯುತ್ತಿರುತ್ತದೆ. ಆದರೆ ತಪ್ಪು ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿಯೋ ಅದರೊಳಗೆ ಕೆಲಸ ಮಾಡುವ ಡ್ರೈವರ್ ಎಂಬ ಸಹಾಯಕ ತಂತ್ರಾಂಶದಲ್ಲಿಯೋ ಆದರೆ, ಮುಂದುವರಿದಲ್ಲಿ ಡಿಸ್ಕಿನ ಮಾಹಿತಿಯೇ ಕೆಡಬಹುದಾದ್ದರಿಂದ, ವಿಂಡೋಸ್ ಬೇಕೆಂದೇ ಎಲ್ಲವನ್ನೂ ನಿಲ್ಲಿಸಿ, ನೀಲಿ ಪರದೆಯಲ್ಲಿ (ವಿಂಡೋಸ್ 11ರಲ್ಲಿ ಈಗ ಕಪ್ಪು ಪರದೆಯಲ್ಲಿ) ಕಾರಣದ ಸಂಕೇತವನ್ನು ತೋರಿಸಿ, ಸಾಧ್ಯವಾದರೆ ಮೆಮೊರಿಯಲ್ಲಿದ್ದದ್ದನ್ನು ಒಂದು ಡಂಪ್ ಕಡತಕ್ಕೆ ಬರೆಯುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ದೋಷಪೂರ್ಣ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತದ್ದು ಅಪ್ಪಟ ಕ್ರ್ಯಾಶ್. ಅದನ್ನು ಆ ದಿನ ಅನೇಕರು ‘ಸರ್ವರ್ ಡೌನ್’ ಎಂದೇ ಕರೆದರು, ಇರಲಿ.

ಕ್ರ್ಯಾಶ್ ಆದ ಯಂತ್ರ ಏಕೆ ನಿಂತೆ ಎಂದು ಬರೆದಿಡುತ್ತದೆ. ವಿದ್ಯುತ್ ಕಡಿದ ಯಂತ್ರಕ್ಕೆ ಬರೆಯುವಷ್ಟು ವ್ಯವಧಾನವೇ ಇರುವುದಿಲ್ಲ. ಈ ವ್ಯತ್ಯಾಸವನ್ನು ಬಿಟ್ಟು ಪತ್ತೆ ಕಾರ್ಯಕ್ಕೆ ಇಳಿಯುವುದು ವ್ಯರ್ಥ. ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಕೂಡ, ಒಳಬರುವ ವಿದ್ಯುತ್ ನಿಂತ ಮೇಲೆ, ಪೂರ್ಣ ಹೊರೆಯಲ್ಲಿ ತಡೆದುಕೊಳ್ಳುವುದು ಹೆಚ್ಚುಕಡಿಮೆ 16 ಮಿಲಿಸೆಕೆಂಡು, ಅಂದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕಿಂತಲೂ ಕಡಿಮೆ. ಮನೆಗೂ ಪಂಪ್‌ಸೆಟ್ಟಿಗೂ ಒಂದೇ ಟ್ರಾನ್ಸ್‌ಫಾರ್ಮರ್ ಇರುವ ಹಳ್ಳಿಗಳಲ್ಲಿ ತ್ರೀ ಫೇಸ್ ಬಂದ ಕೂಡಲೇ ಬೋರ್‌ವೆಲ್ ಮೋಟರುಗಳ ಆಟೋ ಸ್ಟಾರ್ಟರ್‌ಗಳು ಒಟ್ಟಿಗೆ ಎಳೆದಾಗ ವೋಲ್ಟೇಜ್ ತಗ್ಗುತ್ತದೆ. ಬಲ್ಬು ಮಂಕಾಗಿ ಮತ್ತೆ ಬೆಳಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತದೆ. ದಿನವೂ ತ್ರೀ ಫೇಸ್ ಬರುವ ಹೊತ್ತಿಗೇ ‘ಕ್ರ್ಯಾಶ್’ ಆಗುವ ಯಂತ್ರಕ್ಕೆ ಓಎಸ್ ಹಾಕಿ ಫಲವೇನು? ಇನ್ವರ್ಟರ್ ಇದ್ದರೂ ಅದು ಯುಪಿಎಸ್ ಮೋಡ್‌ನಲ್ಲಿ ಇಲ್ಲದಿದ್ದರೆ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗಬಹುದು. ಹಲವು ಇನ್ವರ್ಟರ್‌ಗಳ ಹಿಂಬದಿಯಲ್ಲಿ ಇದಕ್ಕೊಂದು ಸ್ವಿಚ್ಚಿರುತ್ತದೆ, ಯಾರೂ ಮುಟ್ಟಿರುವುದಿಲ್ಲ.

ವಿಂಡೋಸ್‌ನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್ ತೆರೆದು ನೋಡುವವರೂ ಒಂದು ಕಡೆ ಎಡವುತ್ತಾರೆ. ಅಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದು ಕಂಡೊಡನೆ, ‘ಪವರ್’ ಎಂದಿದೆಯಲ್ಲ ಎಂದು ಎಸ್‌ಎಂಪಿಎಸ್ ಬದಲಿಸುವ ಚಾಳಿ ಹಬ್ಬಿದೆ. ‘ಕರ್ನಲ್-ಪವರ್’ ಎಂಬುದು ನಮೂದು ಬರೆದ ವಿಂಡೋಸ್ ಭಾಗದ ಹೆಸರು, ರೋಗದ ಹೆಸರಲ್ಲ. ಈ ನಮೂದು ಯಂತ್ರ ಮತ್ತೆ ಎದ್ದ ಮೇಲೆ ಬರೆದದ್ದು, ‘ಕಳೆದ ಸಲ ಕ್ರಮವಾಗಿ ಶಟ್‌ಡೌನ್ ಆಗಿಲ್ಲ’ ಎಂಬುದಷ್ಟೇ ಅದರ ಅರ್ಥ. ನೋಡಬೇಕಾದದ್ದು ವಿವರದಲ್ಲಿರುವ ಬಗ್‌ಚೆಕ್ ಕೋಡ್, ಅಂದರೆ ಕ್ರ್ಯಾಶ್‌ನ ಕಾರಣದ ಸಂಕೇತ. ಅದು ಸೊನ್ನೆಯಾಗಿದ್ದರೆ ಸಂಕೇತ ದಾಖಲಾಗಿಲ್ಲ: ಸಾಮಾನ್ಯವಾಗಿ ವಿದ್ಯುತ್ ಹೋಗಿರಬೇಕು, ಇಲ್ಲವೇ ಹ್ಯಾಂಗ್ ಆದ (ಪರದೆ ಅಲುಗಾಡದೆ ನಿಂತ) ಯಂತ್ರದ ಪವರ್ ಬಟನ್ ಅನ್ನು ಯಾರೋ ಒತ್ತಿಹಿಡಿದಿರಬೇಕು. ಸೊನ್ನೆಯಲ್ಲದಿದ್ದರೆ ಅದು ಕ್ರ್ಯಾಶ್. ಆದರೆ ಅಲ್ಲಿನ ಅಂಕಿ ದಶಮಾನ ಪದ್ಧತಿಯಲ್ಲಿರುತ್ತದೆ. 292 ಎಂದಿದ್ದರೆ ಹುಡುಕಬೇಕಾದದ್ದು ಹದಿನಾರರ ಪದ್ಧತಿಯ 124ನ್ನು, ಅದು ಯಂತ್ರಾಂಶವೇ ವರದಿ ಮಾಡಿದ ತಪ್ಪು. 26 ಎಂದಿದ್ದರೆ 1ಎ, ಮೆಮೊರಿ ನಿರ್ವಹಣೆಯ ತಪ್ಪು. ಆಗ ರ‍್ಯಾಮ್ ಅನ್ನು ಮೆಮ್‌ಟೆಸ್ಟ್‌ನಲ್ಲಿ ಪರೀಕ್ಷಿಸುವುದು ನ್ಯಾಯ. ಇನ್ನು 1074 ಎಂಬ ನಮೂದಿದ್ದರೆ ಅಪ್‌ಡೇಟೋ ಬೇರೆ ಪ್ರೋಗ್ರಾಮೋ ಬಳಕೆದಾರರೋ ರೀಸ್ಟಾರ್ಟ್ ಕೇಳಿದ್ದಾರೆ ಎಂದರ್ಥ, ಅಲ್ಲಿ ದೋಷವೇ ಇಲ್ಲ.

ಈ ಗೊಂದಲಕ್ಕೆ ವಿಂಡೋಸ್ ಕೂಡ ಸ್ವಲ್ಪ ಹೊಣೆ. ಕ್ರ್ಯಾಶ್ ಆದೊಡನೆ ತಾನಾಗಿ ರೀಸ್ಟಾರ್ಟ್ ಆಗುವಂತೆ ಅದನ್ನು ಮೊದಲೇ ಹೊಂದಿಸಿರುವುದರಿಂದ ನೀಲಿ ಪರದೆ ಓದುವಷ್ಟರಲ್ಲಿ ಮಾಯವಾಗುತ್ತದೆ, ನೋಡಿದವರಿಗೆ ಕರೆಂಟು ಹೋಗಿ ಬಂದಂತೆಯೇ ಕಾಣುತ್ತದೆ. ವಿಂಡೋಸ್ ಸೆಟ್ಟಿಂಗ್‌ಗಳ ‘ಸ್ಟಾರ್ಟ್‌ಅಪ್ ಆಂಡ್ ರಿಕವರಿ’ಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದರ ಟಿಕ್ ತೆಗೆದುಬಿಟ್ಟರೆ ಪರದೆ ನಿಲ್ಲುತ್ತದೆ, ಫೋನಿನಲ್ಲಿ ಫೋಟೊ ತೆಗೆದುಕೊಳ್ಳಬಹುದು.

ಬಿಸಿಯಿಂದ ಆರುವುದು ಮತ್ತೊಂದು ಬಗೆ. ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಗ್ಗಿಸುತ್ತದೆ, ಆಮೇಲೂ ತಣಿಯದಿದ್ದರೆ ಯಂತ್ರವನ್ನೇ ಆರಿಸುತ್ತದೆ. ಆಗಲೂ ಸಾಮಾನ್ಯವಾಗಿ ಡಂಪ್ ಕಡತ ಉಳಿಯುವುದಿಲ್ಲ. ತಿಪಟೂರಿನ ಕಡೆ ತೆಂಗಿನ ನಾರಿನ ಕೆಲಸ ನಡೆಯುವ ಜಾಗದ ಕಂಪ್ಯೂಟರ್ ಬಿಚ್ಚಿದರೆ, ಫ್ಯಾನಿಗೂ ಪ್ರೊಸೆಸರಿನ ಬಿಸಿ ಹೀರುವ ಹೀಟ್ ಸಿಂಕಿಗೂ ನಡುವೆ ಕಂದು ಧೂಳು ಕಂಬಳಿಯಂತೆ ಕೂತಿರುತ್ತದೆ; ಅಲ್ಲಿ ಬ್ಲೋವರ್ ಹಿಡಿಯುವುದು ಬಿಟ್ಟು ಬೇರೆ ಚಿಕಿತ್ಸೆ ಬೇಡ.

ಹ್ಯಾಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ನಿಂತಿದೆ, ಆದರೆ ಬಿದ್ದಿಲ್ಲ. ‘ಹಾರ್ಡ್ ಡಿಸ್ಕ್ ಕ್ರ್ಯಾಶ್’ ಮಾತ್ರ ಅಕ್ಷರಶಃ ನಿಜ, ಏಕೆಂದರೆ ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುವ ಹೆಡ್ ಅದಕ್ಕೆ ಬಡಿದು ಮೇಲ್ಮೈಯನ್ನು ಗೀರುವುದಕ್ಕೆ ಇಂಗ್ಲಿಷಿನಲ್ಲಿ ಹೆಡ್ ಕ್ರ್ಯಾಶ್ ಎಂದೇ ಹೆಸರು. ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಅದು ಕೆಟ್ಟರೆ ‘ಎಸ್‌ಎಸ್‌ಡಿ ಕೆಟ್ಟಿದೆ’ ಎಂದು ಬರೆದರೆ ಸಾಕು.