ಆ ಜೋಡಿಗೆ ಜಗಳವಾಡಲೂ ಬಿಡಿ

ಧಾರಾವಾಹಿಯ ಸ್ಕ್ರಿಪ್ಟ್ ಪರಿಶೀಲನೆಗೆ ಬರುವಾಗ ಜೊತೆಗೊಂದು ಮಾತು ತಪ್ಪದೆ ಬರುತ್ತದೆ: ‘ಲೆಸ್ಬಿಯನ್ ಜೋಡಿಯನ್ನು ತುಂಬಾ ಗೌರವದಿಂದ ತೋರಿಸಿದ್ದೇವೆ, ನೋಡಿ.’ ಓದಿದರೆ ಇಬ್ಬರೂ ದೇವತೆಯರು. ಸಿಟ್ಟಿಲ್ಲ, ಸಾಲವಿಲ್ಲ, ಸೋಮಾರಿತನವಿಲ್ಲ. ಸೋಫಾದ ಎರಡು ತುದಿಗೆ ಕೂತು, ಸಮಾಜ ತಮ್ಮನ್ನು ಒಪ್ಪುತ್ತದೋ ಇಲ್ಲವೋ ಎಂದು ಮಾತಾಡುತ್ತಾರೆ. ಅದೇ ಕತೆಯ ಗಂಡ-ಹೆಂಡತಿ ಒದ್ದೆ ಟವೆಲ್ ವಿಷಯಕ್ಕೆ ಕಿತ್ತಾಡಿ, ಎರಡು ಸೀನ್ ಕಳೆಯುವಷ್ಟರಲ್ಲಿ ರಾಜಿಯಾಗಿ, ಹೆಗಲಿಗೆ ಹೆಗಲು ತಾಗಿಸಿ ಟೀವಿ ನೋಡುತ್ತಿರುತ್ತಾರೆ. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಕೆಟ್ಟದಾಗಿ ತೋರಿಸಿಬಿಟ್ಟೇವು ಎಂಬ ಭಯಕ್ಕೆ ಮನುಷ್ಯರ ಹಾಗೆ ತೋರಿಸುವುದನ್ನೇ ಬಿಟ್ಟಿರುತ್ತಾರೆ.

ಹೀಯಾಳಿಕೆ ಬೇಡ, ಕ್ಯಾಮೆರಾ ಗಂಡಸಿನ ಕಣ್ಣಾಗಿ ಮೈಮೇಲೆ ಓಡಾಡುವುದು ಬೇಡ ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಪದೇ ಪದೇ ಹೇಳಿದರೂ ತಲೆಗೆ ಹೋಗದ ವಿಷಯ ಒಂದೇ: ಅಳತೆಗೋಲು ನಿಮ್ಮ ಧಾರಾವಾಹಿಯೊಳಗೇ ಇದೆ. ಗಂಡು-ಹೆಣ್ಣಿನ ಜೋಡಿಗೆ ಏನೇನು ಕೊಟ್ಟಿದ್ದೀರೋ ಅದನ್ನು ಇವರಿಗೂ ಕೊಟ್ಟಿದ್ದೀರಾ ಎಂದು ಲೆಕ್ಕ ಹಾಕಿ.

ಲೆಕ್ಕ ಅಂದರೆ ನಿಜವಾಗಿಯೂ ಲೆಕ್ಕವೇ. ಹತ್ತು ಎಪಿಸೋಡ್‌ಗಳ ಸ್ಕ್ರಿಪ್ಟ್ ಇಟ್ಟುಕೊಳ್ಳಿ. ಕತೆಯಲ್ಲಿ ಸುಮಾರಾಗಿ ಅಷ್ಟೇ ತೂಕವಿರುವ ಗಂಡು-ಹೆಣ್ಣಿನ ಜೋಡಿಯೊಂದನ್ನು ಆರಿಸಿ, ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಇಬ್ಬರೇ ಇರುವ ಸೀನ್ ಎಷ್ಟು? ಅವುಗಳಲ್ಲಿ ತಮ್ಮ ಸಂಬಂಧವನ್ನು ಬಿಟ್ಟು ಬೇರೆ ಮಾತಾಡುವ ಸೀನ್ ಎಷ್ಟು? ಇಬ್ಬರಲ್ಲೊಬ್ಬರ ನಿರ್ಧಾರದಿಂದ ಮುಖ್ಯ ಕತೆ ತಿರುಗಿದ್ದು ಎಷ್ಟು ಸಲ? ಕತೆಯೊಳಗಿನ ಯಾರೂ ಗಮನಿಸದ ಸ್ಪರ್ಶ ಎಷ್ಟು?

ಈ ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಸೊನ್ನೆ ಬೀಳುತ್ತದೆ. ಕಾರಣ ಸರಳ. ‘ಇಬ್ಬರೂ ಹತ್ತಿರ ಕೂತಿದ್ದಾರೆ’ ಎಂದಷ್ಟೇ ಬರೆದರೆ ನಿರ್ದೇಶಕರು ಒಂದಡಿ ದೂರ ಕೂರಿಸುತ್ತಾರೆ, ನಟಿಯರು ಇನ್ನೊಂದಿಷ್ಟು ಸರಿಯುತ್ತಾರೆ, ಉಳಿದದ್ದನ್ನು ಎಡಿಟರ್ ಕತ್ತರಿಸುತ್ತಾರೆ. ಯಾರೊಬ್ಬರದೂ ತಪ್ಪು ಎನ್ನುವ ಹಾಗಿಲ್ಲ. ಕೊನೆಗೆ ಉಳಿಯುವುದು ಒಂದೇ ಒಂದು ಮುತ್ತು: ಸ್ಲೋ ಮೋಷನ್, ಪಿಯಾನೋ, ಜೊತೆಗೆ ಬಾಗಿಲಲ್ಲಿ ನಿಂತ ಮೂರನೆಯವರ ಬೆರಗಾದ ಮುಖ. ಆ ಮುಖಕ್ಕೆ ಕಟ್ ಮಾಡಿದ ಕ್ಷಣ ಸೀನ್ ನೋಡುವವರ ಪಾಲಾಯಿತು, ಪ್ರೀತಿಸುವವರದಾಗಿ ಉಳಿಯಲಿಲ್ಲ.

ಹಾಗಾಗಿ ಸ್ಪರ್ಶವನ್ನು ಮಾತಿನ ಒಳಗೇ ಹೆಣೆಯಿರಿ. ‘ಬ್ಯಾಂಕಿನವರು ಮತ್ತೆ ಫೋನ್ ಮಾಡಿದ್ರು’ ಎನ್ನುತ್ತಲೇ ಅವಳು ಇವಳ ಮಡಚಿಕೊಂಡ ಕಾಲರ್ ಸರಿಮಾಡಲಿ; ‘ನೀನೇ ಮಾತಾಡು, ನನ್ನ ಕೈಲಾಗಲ್ಲ’ ಎನ್ನುತ್ತ ಇವಳು ಆ ಕೈ ಸರಿಸಲಿ. ಸಾಲದ ಮಾತು ಕತೆಗೆ ಬೇಕು, ಆದ್ದರಿಂದ ಕಾಲರ್ ಉಳಿಯುತ್ತದೆ. ಜಗಳಕ್ಕೂ ಇದೇ ಲೆಕ್ಕ: ಇಬ್ಬರು ಕಿತ್ತಾಡುವ ವಿಷಯಗಳನ್ನು ಪಟ್ಟಿ ಮಾಡಿ, ‘ಮನೆಯವರಿಗೆ ಯಾವಾಗ ಹೇಳ್ತೀಯ’ ಎಂಬುದನ್ನು ಹೊಡೆದುಹಾಕಿ. ಪಟ್ಟಿ ಖಾಲಿಯಾದರೆ ಪಾತ್ರಗಳು ಇನ್ನೂ ಹುಟ್ಟಿಲ್ಲ. ಹಾಸಿಗೆಯ ದೃಶ್ಯಗಳಿಗೆ ಇಂಟಿಮಸಿ ಕೋಆರ್ಡಿನೇಟರ್ (ಇಂಥ ದೃಶ್ಯಗಳನ್ನು ನಟರ ಒಪ್ಪಿಗೆಯಂತೆ ರೂಪಿಸುವವರು) ಇರಲಿ; ಅದು ಯಾವ ಜೋಡಿಗಾದರೂ ಅನ್ವಯ.

ಒಂಟಿ ಮುತ್ತಿನ ಚಾಳಿ ಹಳೆಯದು. 1991ರ ಫೆಬ್ರವರಿಯಲ್ಲಿ ಅಮೆರಿಕದ ‘ಎಲ್.ಎ. ಲಾ’ ಧಾರಾವಾಹಿಯಲ್ಲಿ ಇಬ್ಬರು ವಕೀಲೆಯರು ಮುತ್ತಿಟ್ಟರು. ದೊಡ್ಡ ಸುದ್ದಿಯಾಯಿತು, ಸಂಬಂಧ ಮಾತ್ರ ಮುಂದಕ್ಕೆ ಹೋಗಲಿಲ್ಲ. ಅಲ್ಲಿ ಫೆಬ್ರವರಿ ಎಂದರೆ ಜಾಹೀರಾತಿನ ದರಕ್ಕಾಗಿ ವೀಕ್ಷಕರನ್ನು ಎಣಿಸುವ ತಿಂಗಳುಗಳಲ್ಲೊಂದು. ಆಮೇಲೆ ಬೇರೆ ಧಾರಾವಾಹಿಗಳೂ ಇಂಥ ಮುತ್ತನ್ನು ಎಣಿಕೆಯ ತಿಂಗಳುಗಳಿಗೆಂದೇ ಎತ್ತಿಡತೊಡಗಿದವು.

ಇನ್ನು ಸಾವು. ‘ನಮ್ಮ ಕತೆಯಲ್ಲಿ ಯಾರು ಬೇಕಾದರೂ ಸಾಯಬಹುದು, ಇವರಿಗೇಕೆ ರಿಯಾಯಿತಿ?’ ಎಂಬ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. 2002ರ ಮೇ ತಿಂಗಳಲ್ಲಿ ಅಮೆರಿಕದ ಧಾರಾವಾಹಿ ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ನ ಲೆಸ್ಬಿಯನ್ ಪಾತ್ರ ಟಾರಾ ಸತ್ತಳು. 2016ರ ಮಾರ್ಚ್ 3ರಂದು ಅಲ್ಲಿಯದೇ ಇನ್ನೊಂದು ಧಾರಾವಾಹಿ ‘ದಿ ಹಂಡ್ರೆಡ್’ನ ಲೆಸ್ಬಿಯನ್ ಪಾತ್ರ ಲೆಕ್ಸಾ ಸತ್ತಳು. ಇಬ್ಬರಿಗೂ ತಗುಲಿದ್ದು ಬೇರೆಯವರಿಗೆ ಗುರಿಯಿಟ್ಟ ಗುಂಡು. ಇಬ್ಬರೂ ಪ್ರೇಯಸಿಯ ಜೊತೆ ಹಾಸಿಗೆಯಲ್ಲಿ ಸುಖವಾಗಿದ್ದ ಸ್ವಲ್ಪ ಹೊತ್ತಿಗೇ ಸತ್ತವರು. ನಡುವೆ ಸುಮಾರು ಹದಿನಾಲ್ಕು ವರ್ಷ. ದಾರಿತಪ್ಪಿದ ಗುಂಡಿನ ತೊಂದರೆ ಏನೆಂದರೆ, ಆ ಸಾವು ಪಾತ್ರದ ಯಾವ ನಿರ್ಧಾರದಿಂದಲೂ ಬಂದದ್ದಲ್ಲ. ಟಾರಾಳ ಸಾವು ಅವಳ ಪ್ರೇಯಸಿ ವಿಲೋಳನ್ನು ಕೆರಳಿಸಲು ಬೇಕಾಗಿತ್ತು, ಅಷ್ಟೇ. ಲೆಕ್ಸಾಳ ನಟಿಗೆ ಇನ್ನೊಂದು ಧಾರಾವಾಹಿಯ ಕೆಲಸವಿತ್ತು. ಆದರೆ ಪಾತ್ರವನ್ನು ಕತೆಯಿಂದ ಆಚೆ ಕಳಿಸಲು ಕೊಲ್ಲುವುದೊಂದೇ ದಾರಿಯೇ? ವೀಕ್ಷಕರ ಆಕ್ರೋಶದ ನಂತರ ಕೆಲವು ಟೀವಿ ಬರಹಗಾರರು ಲೆಕ್ಸಾಳ ಹೆಸರಲ್ಲೇ ಒಂದು ಪ್ರತಿಜ್ಞೆ ಬರೆದರು: ಇತರರ ಕತೆ ಮುಂದೆ ಸಾಗಿಸಲೆಂದೇ ಇಂಥ ಪಾತ್ರವನ್ನು ಕೊಲ್ಲುವುದಿಲ್ಲ ಎಂದು.

ರಿಯಾಯಿತಿಯ ಪ್ರಶ್ನೆಗೆ ಉತ್ತರ ಕೂಡು-ಕಳೆ ಗಣಿತದಲ್ಲಿದೆ. ಎಂಟು ಜೋಡಿಗಳಲ್ಲಿ ಒಂದು ಮುರಿದರೆ ಏಳು ಉಳಿಯುತ್ತವೆ. ಇರುವುದೊಂದರಲ್ಲಿ ಒಂದು ಮುರಿದರೆ ಪರದೆಯಲ್ಲಿ ಅಂಥವರೇ ಇಲ್ಲ. ಎಂದೂ ಕೊಲ್ಲಬೇಡಿ ಎಂದು ನಾನು ಹೇಳುತ್ತಿಲ್ಲ. ಸಾವು ಅವಳ ನಿರ್ಧಾರದ ಫಲವೇ, ಸುಖದ ಸೀನ್‌ಗೆ ಅಂಟಿಕೊಂಡೇ ಬಂದಿದೆಯೇ, ಉಳಿದವಳ ದುಃಖಕ್ಕೆ ಎಷ್ಟು ಎಪಿಸೋಡ್ ಇಟ್ಟಿದ್ದೀರಿ ಎಂಬುದನ್ನು ನೋಡಿ. ನಾಯಕನ ಹೆಂಡತಿ ಸತ್ತಾಗ ಎಷ್ಟು ಕೊಟ್ಟಿರಿ?

ಹಾಗೆಂದು ಈ ಲೆಕ್ಕವೇ ತೀರ್ಪಲ್ಲ. ಬಹಿರಂಗವಾಗಿ ಕೈ ಹಿಡಿಯುವುದೇ ಅಪಾಯವಾಗಿದ್ದ ಕಾಲದ ಕತೆಯಾದರೆ ಸಂಖ್ಯೆ ಕಡಿಮೆ ಬರುವುದು ಸಹಜ. ಅಲ್ಲಿ ಬಾಗಿಲು ಮುಚ್ಚಿದ ಮೇಲಿನ ಸೀನ್‌ಗಳೇ ಹೆಚ್ಚು ಬೇಕು.

ಸಲಹೆಗೆ ಲೆಸ್ಬಿಯನ್ ಮಹಿಳೆಯರನ್ನು ಒನ್‌ಲೈನ್, ಅಂದರೆ ಕತೆಯ ಎಳೆ ಬರೆಯುವ ಹಂತದಲ್ಲೇ ಕರೆಯಿರಿ. ಅಂತಿಮ ಡ್ರಾಫ್ಟ್ ಕೈಗಿಟ್ಟು ‘ಏನಾದರೂ ತಪ್ಪಿದೆಯಾ’ ಎಂದರೆ ಅವರು ಪದ ತಿದ್ದಬಹುದು, ಕತೆ ತಿದ್ದಲಾಗದು. ಒಬ್ಬರಿಗಿಂತ ಹೆಚ್ಚು ಜನರನ್ನು ಕೇಳಿ, ಸಂಭಾವನೆಯನ್ನು ಒಪ್ಪಂದದಲ್ಲೇ ಬರೆಯಿರಿ. ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕುವ ಮುನ್ನ ಮಾತ್ರ ಅವರನ್ನು ವಿಚಾರಿಸಿ. ಮನೆಯಲ್ಲಿ ಇನ್ನೂ ಹೇಳಿಕೊಳ್ಳದವರೂ ಅವರಲ್ಲಿ ಇರಬಹುದು.