ಹಳೆ ಪಿಕಪ್‌ನ ಹಿಂದಿನ ಡ್ರಮ್ ಬರ್ತಿಲ್ವಾ? ಸುತ್ತಿಗೆ ಎತ್ತುವ ಮುಂಚೆ ನೋಡಬೇಕಾದ್ದು

ಮಂಡ್ಯ ಸುತ್ತಮುತ್ತ ಕರಾವಳಿಯ ಉಪ್ಪುಗಾಳಿ ಇಲ್ಲ. ಆದರೂ ಇಲ್ಲಿನ ಹಳೆ ಪಿಕಪ್‌ಗಳ ಹಿಂದಿನ ಬ್ರೇಕ್ ಡ್ರಮ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಗಾಡಿ ಮಾಡುವ ಕೆಲಸವೇ ಅಂಥದ್ದು. ನಾಲೆ ಏರಿ, ಗದ್ದೆ ಬಯಲು ಅಂತ ಓಡಾಡಿ ಬ್ಯಾಕ್ ಪ್ಲೇಟಿಗೆ (ಡ್ರಮ್ಮಿನ ಹಿಂಬದಿ ಮುಚ್ಚುವ ತಗಡಿಗೆ) ಕೆಸರು ಮೆತ್ತಿಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಾಗೇ ಇರುತ್ತದೆ. ಜೊತೆಗೆ ಗೊಬ್ಬರದ ಲೋಡು. ನಾವು ಸುಮ್ನೆ ಪೊಟ್ಯಾಷ್ ಅನ್ನುವುದು ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್. ಅದೂ ಒಂದು ಉಪ್ಪೇ. ಚೀಲದಿಂದ ಉದುರಿದ್ದು ನೀರಿಗೆ ಕರಗಿ ಕೆಳಗಿಳಿದರೆ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಆಲೆಮನೆ ಕೆಲಸ ನಿಂತ ಮೇಲೆ ಗಾಡಿ ತೊಳೆದು, ಹ್ಯಾಂಡ್ ಬ್ರೇಕ್ ಎಳೆದು, ತಿಂಗಳುಗಟ್ಟಲೆ ನಿಲ್ಲಿಸಿದರಂತೂ ಮುಗಿಯಿತು. ಒದ್ದೆ ಶೂ (ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ತುಂಡು) ಡ್ರಮ್ಮಿಗೇ ಅಂಟಿಕೊಳ್ಳುತ್ತದೆ.

ಈ ಟಿಪ್ಪಣಿ ವೀಲ್ ಬೋಲ್ಟುಗಳ ಮೇಲೆ ಕೂತು ನೇರವಾಗಿ ಹೊರಗೆ ಬರುವ ಡ್ರಮ್ಮಿಗೆ ಮಾತ್ರ. ಹಬ್ಬು (ಚಕ್ರ ಕೂರುವ ನಡುಭಾಗ), ಡ್ರಮ್ಮು ಒಂದೇ ತುಂಡಾಗಿದ್ದರೆ ಆಕ್ಸಲ್, ಬೇರಿಂಗ್ ಎಲ್ಲ ಬಿಚ್ಚಬೇಕು. ಅದು ಬೇರೆ ಪಾಠ.

ಹಿಡಿದಿರುವುದು ಯಾವುದು?

ಗ್ಯಾರೇಜ್ ಸೇರಿದ ಹೊಸ ಹುಡುಗರೆಲ್ಲ ಮೊದಲು ಸುತ್ತಿಗೆಗೆ ಕೈ ಹಾಕುತ್ತಾರೆ. ನಮ್ಮ ಮೇಸ್ತ್ರಿ ಬೈಯುವುದು ಅಲ್ಲೇ: "ಹೊಡಿಯಕ್ಕೆ ಮುಂಚೆ ತಿರುಗ್ಸಿ ನೋಡ್ಲಾ!" ಆ ಬೈಗುಳದಲ್ಲಿ ಅರ್ಧ ಪಾಠ ಇದೆ. ಡ್ರಮ್ಮನ್ನು ಎರಡು ಜಾಗದಲ್ಲಿ ಹಿಡಿತ ಕಾಡಬಹುದು. ನಡುವಿನ ತೂತು ಹಬ್ಬಿಗೆ ತುಕ್ಕಿನಿಂದ ಅಂಟಿರಬಹುದು, ಇಲ್ಲವೇ ಒಳಗಿನ ಶೂಗಳು ಹಿಡಿದಿರಬಹುದು. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಶೂ ಹಿಡಿದಿರುವಾಗ ಹಬ್ಬಿಗೆ ಎಷ್ಟು ಎಣ್ಣೆ ಬಿಟ್ಟು ಎಷ್ಟು ಹೊಡೆದರೂ ಕೈ ನೋವು ಅಷ್ಟೇ.

ತಿರುಗಿಸಿ ನೋಡಬೇಕಾದರೆ ಹ್ಯಾಂಡ್ ಬ್ರೇಕ್ ಇಳಿಸಿ, ಗೇರ್ ನ್ಯೂಟ್ರಲ್‌ಗೆ ಹಾಕಬೇಕು. ಗೇರಿನಲ್ಲಿಟ್ಟು ಒಂದೇ ಹಿಂದಿನ ಚಕ್ರ ಎತ್ತಿದರೆ ಬ್ರೇಕ್ ಸರಿ ಇದ್ದರೂ ಆ ಚಕ್ರ ತಿರುಗುವುದಿಲ್ಲ. ಇನ್ನೊಂದು ಚಕ್ರ ನೆಲದ ಮೇಲಿದೆ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟನ್ನು ಗೇರ್ ಹಿಡಿದಿದೆ, ಎರಡೂ ಚಕ್ರಕ್ಕೆ ತಿರುಗುವ ಬಲ ಹಂಚುವ ಡಿಫರೆನ್ಷಿಯಲ್ ಇನ್ನೇನು ಮಾಡೀತು? ಬ್ರೇಕೇ ಜಾಮ್ ಆಗಿದೆ ಅಂದುಕೊಂಡು ಗಂಟೆಗಟ್ಟಲೆ ಒದ್ದಾಡುವವರಿದ್ದಾರೆ. ಆದರೆ ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೆ ಗಾಡಿಯನ್ನು ತಡೆಯಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಜಾಕ್ ಏರಿಸುವ ಮೊದಲೇ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಡಿ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಗೆ ಸುತ್ತಿಗೆ ತಾಗಿಸಬಾರದು.

ಈಗ ಚಕ್ರ ಬಿಚ್ಚಿ, ಡ್ರಮ್ಮನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗುತ್ತದೆ, ಆದರೆ ಎಳೆದರೆ ಕೂದಲೆಳೆಯಷ್ಟೂ ಅಲುಗುವುದಿಲ್ಲ ಅಂದರೆ ಹಬ್ಬಿನ ತುಕ್ಕು. ಸ್ವಲ್ಪ ಹೊರಗೆ ಬಂದು, ಓರೆಯಾಗಿ ಅಲ್ಲಾಡಿ, ಟಕ್ ಅಂತ ನಿಂತರೆ ಹಬ್ಬು ಬಿಟ್ಟಿದೆ, ಶೂ ತಡೆಯುತ್ತಿದೆ. ತಿರುಗುವುದೇ ಇಲ್ಲ ಅಂದರೆ ಶೂ ಬಿಗಿಯಾಗಿ ಒತ್ತಿಕೊಂಡಿದೆ.

ಹಬ್ಬು ಹಿಡಿದಿದ್ದರೆ

ಕಬ್ಬಿಣ ತುಕ್ಕಾದಾಗ ಮೊದಲಿದ್ದ ಜಾಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಡ್ರಮ್ಮಿಗೂ ಹಬ್ಬಿಗೂ ನಡುವೆ ಇದ್ದ ಸಣ್ಣ ಸಂದು ಹಾಗೇ ತುಂಬಿ ಬಿಗಿಯುತ್ತದೆ. ಮೊದಲು ವೈರ್ ಬ್ರಷ್ಷಿನಿಂದ ಆ ಸಂದಿನ ಮೇಲಿನ ಪುಡಿ ತೆಗೆಯಿರಿ. ಪುಡಿ ಇದ್ದರೆ ಎಣ್ಣೆಯನ್ನು ಅದೇ ಕುಡಿದುಬಿಡುತ್ತದೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆಯನ್ನು ನಡುವಿನ ತೂತಿನ ಸುತ್ತ, ಬೋಲ್ಟುಗಳ ಬುಡಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ರಾತ್ರಿಯಿಡೀ ನೆನೆಯಲು ಬಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ಆಗಿರುತ್ತದೆ. ಅವಸರದ ಗಿರಾಕಿಗೆ ಇದನ್ನು ಒಪ್ಪಿಸುವುದೇ ಕಷ್ಟ, ಅಲ್ವಾ? ಎಣ್ಣೆ ಶೂ ಲೈನರ್ (ಶೂ ಮೇಲಿನ ಉಜ್ಜುವ ಪದರ) ಮೇಲೆ ಹರಿಯಬಾರದು. ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರಿಗೂ ತಾಗಬಾರದು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ.

ಡ್ರಮ್ಮಿನ ಮುಖದ ಮೇಲೆ ಬೋಲ್ಟುಗಳ ನಡುವೆ ಎದುರುಬದುರಾಗಿ ಮರೆ (ಥ್ರೆಡ್) ಇರುವ ಎರಡು ತೂತು ಇದೆಯಾ ನೋಡಿ. ಕೆಸರು ತುಂಬಿ ಕಾಣದೇ ಹೋಗಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು 8 ಎಂಎಂ ಬೋಲ್ಟಿಗೆ ಸರಿಹೊಂದುತ್ತದೆ. ಕಂಪನಿಯವರು ಅದನ್ನು ಕೊಟ್ಟಿರುವುದೇ ಡ್ರಮ್ ಕೀಳಲಿಕ್ಕೆ. ಮರೆ ಸ್ವಚ್ಛ ಮಾಡಿ ಎರಡೂ ಬೋಲ್ಟ್ ಹಾಕಿ. ಒಂದನ್ನು ಕಾಲು ಸುತ್ತು, ಇನ್ನೊಂದನ್ನು ಕಾಲು ಸುತ್ತು ಹೀಗೆ ಬಿಗಿಯುತ್ತಾ ಬನ್ನಿ. ಬಿಗಿ ಜಾಸ್ತಿ ಆಯಿತು ಅನಿಸಿದಾಗ ಸ್ಪ್ಯಾನರ್ ಬಿಟ್ಟು ಡ್ರಮ್ಮಿನ ಮುಖಕ್ಕೆ ಎರಡು ಪೆಟ್ಟು ಕೊಡಿ. ಒತ್ತಡವೂ ನಡುಕವೂ ಸೇರಿದಾಗ ಡಣ್ ಅಂತ ಸದ್ದು ಬಂದು ತುಕ್ಕು ಬಿರಿಯುತ್ತದೆ. ಆ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಮರೆಯುವುದಿಲ್ಲ.

ಪೆಟ್ಟು ಬೀಳಬೇಕಾದ್ದು ಬೋಲ್ಟುಗಳ ನಡುವಿನ ಚಪ್ಪಟೆ ಜಾಗಕ್ಕೆ, ಮರದ ತುಂಡು ಅಡ್ಡ ಇಟ್ಟು. ಡ್ರಮ್ಮಿನ ಅಂಚಿಗೆ ಹೊಡೆಯಬೇಡಿ. ಅದು ಬೀಡು ಕಬ್ಬಿಣ. ಬಗ್ಗುವುದಿಲ್ಲ, ಸೀಳುತ್ತದೆ ಇಲ್ಲವೇ ಚಕ್ಕೆ ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಅದಕ್ಕೂ ಬಗ್ಗದಿದ್ದರೆ ಶಾಖ. ಡ್ರಮ್ಮಿನ ನಡುವಿನ ತೂತು 70 ಎಂಎಂ ಇದ್ದು, 100 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 0.08 ಎಂಎಂ ಹಿಗ್ಗುತ್ತದೆ. ಕೇಳಲು ಏನೂ ಅಲ್ಲ, ಆದರೆ ತುಕ್ಕಿನ ಹಿಡಿತ ಬಿಡಿಸಲು ಎಷ್ಟೋ ಸಲ ಅಷ್ಟು ಸಾಕು. ಜ್ವಾಲೆ ತೂತಿನ ಸುತ್ತಲಿನ ಡ್ರಮ್ಮಿಗೆ ತಾಗಬೇಕು, ಹಬ್ಬಿಗಲ್ಲ. ಎರಡೂ ಒಟ್ಟಿಗೆ ಹಿಗ್ಗಿದರೆ ಏನು ಪ್ರಯೋಜನ? ನನ್ನ ಪ್ರಕಾರ ಇದು ಕೊನೆಯ ದಾರಿ. ಹಿಂದೆಯೇ ಆಯಿಲ್ ಸೀಲ್ ಇದೆ, ಗ್ರೀಸ್ ಇದೆ, ಬ್ರೇಕ್ ಆಯಿಲ್‌ಗೂ ಬೆಂಕಿ ಹತ್ತುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಶಾಖ ಕೊಟ್ಟರೆ ಫಾಸ್ಜೀನ್ ಎಂಬ ವಿಷದ ಗಾಳಿ ಹುಟ್ಟಬಹುದು. ಕ್ಲೀನರ್ ಬಳಸಿದ್ದರೆ ಅಲ್ಲಿಗೆ ಗ್ಯಾಸ್ ಟಾರ್ಚ್ ತರಲೇಬೇಡಿ.

ಶೂ ಹಿಡಿದಿದ್ದರೆ

ಶೂ ಉಜ್ಜುವ ಜಾಗ ಸವೆದು ಡ್ರಮ್ಮಿನ ಒಳ ಅಂಚಿನಲ್ಲಿ ಏಣು ಉಳಿದಿರುತ್ತದೆ. ಡ್ರಮ್ ಹೊರಗೆ ಬರುವಾಗ ಶೂ ಆ ಏಣಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಶೂಗಳನ್ನು ಒಳಕ್ಕೆ ಸರಿಸಬೇಕು. ಬ್ಯಾಕ್ ಪ್ಲೇಟಿನ ಹಿಂದೆ ರಬ್ಬರ್ ಬಿರಡೆ ಇರುತ್ತದೆ. ಅದನ್ನು ಕಿತ್ತು ಟಾರ್ಚ್ ಬೆಳಕು ಬಿಟ್ಟರೆ ಶೂಗಳನ್ನು ಹಿಗ್ಗಿಸಿ ಕುಗ್ಗಿಸುವ ಹಲ್ಲು ಹಲ್ಲಿನ ಅಡ್ಜಸ್ಟರ್ ಚಕ್ರ ಕಾಣುತ್ತದೆ. ತಾನೇ ಅಡ್ಜಸ್ಟ್ ಆಗುವ ನಮೂನೆಯಾದರೆ ಒಂದು ಸಣ್ಣ ಪಟ್ಟಿ ಆ ಹಲ್ಲಿಗೆ ಕಚ್ಚಿರುತ್ತದೆ. ತೆಳು ಕಂಬಿಯಿಂದ ಪಟ್ಟಿಯನ್ನು ದೂರ ಒತ್ತಿ ಹಿಡಿದು, ಸ್ಕ್ರೂಡ್ರೈವರಿನಿಂದ ಒಂದೊಂದೇ ಹಲ್ಲು ಹಿಂದಕ್ಕೆ ತಿರುಗಿಸಿ. ಪಟ್ಟಿ ಒತ್ತದೆ ತಿರುಗಿಸಲು ಹೋದರೆ ಹಲ್ಲು ಸವೆಯುತ್ತದೆ. ಡ್ರಮ್ ಇನ್ನೂ ಬಿಗಿಯಾದರೆ ತಿರುಗಿಸುವ ದಿಕ್ಕು ತಪ್ಪಿದೆ ಅಂತ ಅರ್ಥ.

ಹ್ಯಾಂಡ್ ಬ್ರೇಕ್ ಕೇಬಲ್ ತನ್ನ ಕವಚದೊಳಗೇ ತುಕ್ಕು ಹಿಡಿದು ಹಿಂದಿರುಗದೆ ನಿಂತಿದೆಯಾ, ಅದನ್ನೂ ನೋಡಿ. ಹಾಗಿದ್ದರೆ ಮೊದಲು ಕೇಬಲ್ ಸಡಿಲಿಸಿ. ಬ್ರೇಕ್ ಆಯಿಲ್ ಸಾಗುವ ಹಳೆ ರಬ್ಬರ್ ಹೋಸ್ ಒಳಗೇ ಊದಿ ಆಯಿಲ್ ವಾಪಸ್ ಹೋಗಲು ಬಿಡದಿರುವುದೂ ಉಂಟು. ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲಿನ ಗಾಳಿ ತೆಗೆಯುವ ಸಣ್ಣ ತಿರುಪು) ಬಿಚ್ಚಿದ ಕೂಡಲೇ ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಬಿದ್ದಿತ್ತು ಅಂತ ಲೆಕ್ಕ. ಹೋಸಿನ ಮೇಲೆ ಮೊದಲ ಅನುಮಾನ ಇರಲಿ. ಆದರೆ ನಿಪ್ಪಲ್ ಟೊಳ್ಳು, ಬೇಗ ಮುರಿಯುತ್ತದೆ. ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿದು, ಆಮೇಲೆ ಸಡಿಲಿಸಿ.

ಯಾವುದಕ್ಕೂ ಬಗ್ಗದಿದ್ದರೆ ಶೂವನ್ನು ಬ್ಯಾಕ್ ಪ್ಲೇಟಿಗೆ ಹಿಡಿದಿಡುವ, ಪ್ಲೇಟಿನ ಹಿಂದೆ ಕಾಣುವ ಪಿನ್ನಿನ ತಲೆ ಕತ್ತರಿಸಿ. ಡ್ರಮ್ ಜೊತೆ ಶೂ ಕೂಡ ಸಡಿಲವಾಗಿ ಬರುತ್ತದೆ. ಪಿನ್, ಸ್ಪ್ರಿಂಗ್ ಹೊಸದು ಹಾಕಬೇಕಾಗುತ್ತದೆ, ಅಷ್ಟೇ. ಡ್ರಮ್ ಒಡೆಯುವುದಕ್ಕಿಂತ ಇದು ಎಷ್ಟೋ ಅಗ್ಗ.

ಬಂದ ಮೇಲೆ

ಒಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ, ಬಾಯಿಂದ ಊದಲೂ ಬೇಡಿ. ಹಳೆ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಮಾಸ್ಕ್ ಹಾಕಿ. ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ ಅಚ್ಚೊತ್ತಿರುತ್ತದೆ. ಸವೆತ ಅದನ್ನು ದಾಟಿದ್ದರೆ ಲೇತಿಗೆ ಕಳಿಸುವುದು ದಂಡ, ಹೊಸದು ಹಾಕಿ. ಒಂದು ಕಡೆ ಪೂರ್ತಿ ಜೋಡಿಸಿದ ಮೇಲೆ ಇನ್ನೊಂದು ಕಡೆ ಬಿಚ್ಚಿ. ಸ್ಪ್ರಿಂಗ್ ಎಲ್ಲಿತ್ತು ಅಂತ ಗೊತ್ತಾಗದಾಗ ನೋಡಿಕೊಳ್ಳಲು ಆ ಕಡೆ ಇರುತ್ತದೆ.

ಹಬ್ಬಿನ ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿ, ಡ್ರಮ್ ಕೂರುವ ಅಂಚಿಗೆ ಕಾಪರ್ ಗ್ರೀಸ್ ತೆಳ್ಳಗೆ ಸವರಿ. ಜೋಡಿಸಿದ ಮೇಲೆ ಮೊದಲು ಶೂ ಅಡ್ಜಸ್ಟರ್, ಆಮೇಲೆ ಹ್ಯಾಂಡ್ ಬ್ರೇಕ್ ಕೇಬಲ್. ತಿರುವುಮುರುವಾಗಿ ಮಾಡಿದರೆ ಕೇಬಲ್ ಶೂವನ್ನು ಎಳೆದೇ ಇಟ್ಟಿರುತ್ತದೆ, ಡ್ರಮ್ ಕಾಯುತ್ತದೆ. ನಿಪ್ಪಲ್ ಬಿಚ್ಚಿದ್ದರೆ ಬ್ರೇಕಿನ ಗಾಳಿ ತೆಗೆಯಿರಿ. ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ಒತ್ತಿ ನೋಡಿ.